ಬೆಟ್ಟದ ದಾರಿಯಲ್ಲಿ ಬೈಕುಗಳ ಅಗ್ನಿಪರೀಕ್ಷೆ

ಮೋಟಾರ್ ಸೈಕಲ್ ಪಂದ್ಯವೆಂದರೆ ಪಂದ್ಯಕ್ಕೆಂದೇ ಕಟ್ಟಿದ ನುಣುಪಾದ ಟ್ರ್ಯಾಕ್ ನಮ್ಮ ಕಣ್ಣ ಮುಂದೆ ಬರುತ್ತದೆ. ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಪುಟ್ಟ ದ್ವೀಪ ಐಲ್ ಆಫ್ ಮ್ಯಾನ್‌ನಲ್ಲಿ ಹಾಗಲ್ಲ. ಅಲ್ಲಿ ಟೂರಿಸ್ಟ್ ಟ್ರೋಫಿ, ಅಂದರೆ ಟಿ.ಟಿ. ಪಂದ್ಯ ನಡೆಯುವುದು ಊರವರು ದಿನವೂ ಓಡಾಡುವ ರಸ್ತೆಯಲ್ಲೇ. ಒಂದು ಸುತ್ತು 60.7 ಕಿ.ಮೀ.; ತಿರುವುಗಳು 200ಕ್ಕೂ ಹೆಚ್ಚು. ಅಂಚಿನಲ್ಲಿ ಕಲ್ಲುಗೋಡೆ, ದೀಪದ ಕಂಬ, ಮನೆ ಬಾಗಿಲು.

ಬ್ರಿಟನ್ನಿನಲ್ಲಿ ಆಗ ವೇಗದ ಮಿತಿ ಗಂಟೆಗೆ 20 ಮೈಲಿ. ಪಂದ್ಯಕ್ಕಾಗಿ ರಸ್ತೆ ಮುಚ್ಚಲು ಕಾನೂನು ಒಪ್ಪುತ್ತಿರಲಿಲ್ಲ. ಸ್ವಂತ ಸಂಸತ್ತು ಇರುವ ಈ ದ್ವೀಪ ಒಪ್ಪಿತು. 1907ರಲ್ಲಿ ಟಿ.ಟಿ. ಆರಂಭವಾದದ್ದು ಚಿಕ್ಕ ಮಾರ್ಗವೊಂದರಲ್ಲಿ. 1911ರಲ್ಲಿ ಅದು ಸ್ನೇಫೆಲ್ ಬೆಟ್ಟ ಹತ್ತಿತು. ಒಂದೇ ಗೇರಿನ, ಬೆಲ್ಟಿನಿಂದ ಓಡುವ ಬೈಕುಗಳಿಗೆ ಆ ಏರು ಸುಲಭವಾಗಿರಲಿಲ್ಲ. ಎರಡು ಗೇರು ಮತ್ತು ಚೈನು ಇದ್ದ ಅಮೆರಿಕದ 'ಇಂಡಿಯನ್' ಬೈಕುಗಳು ಆ ವರ್ಷ ಸೀನಿಯರ್ ಪಂದ್ಯದ ಮೊದಲ ಮೂರೂ ಸ್ಥಾನ ಗೆದ್ದವು. ಗೇರ್‌ಬಾಕ್ಸಿನ ಮಹತ್ವವನ್ನು ಕಂಪನಿಗಳಿಗೆ ಬೆಟ್ಟವೇ ಕಲಿಸಿತೆನ್ನಬಹುದು!

ಅಂದು ಗೆದ್ದ ಗಾಡ್‌ಫ್ರೆಯ ಸರಾಸರಿ ವೇಗ ಗಂಟೆಗೆ ಸುಮಾರು 76 ಕಿ.ಮೀ. 2023ರಲ್ಲಿ ಪೀಟರ್ ಹಿಕ್‌ಮನ್ ಒಂದು ಸುತ್ತನ್ನು 16 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದಾಗ ಸರಾಸರಿ 219 ಕಿ.ಮೀ. ಮುಟ್ಟಿತ್ತು. ವೃತ್ತೀಯ ಚಲನೆಯ ಪಾಠದಲ್ಲಿ ನಾನು ದಾರಕ್ಕೆ ಕಲ್ಲು ಕಟ್ಟಿ ತಿರುಗಿಸುವುದುಂಟು. ವೇಗ ಇಮ್ಮಡಿಯಾದರೆ ದಾರದ ಎಳೆತ ನಾಲ್ಕು ಪಟ್ಟು. ಬೈಕಿಗೆ ದಾರವಿಲ್ಲ, ತಿರುವಿನಲ್ಲಿ ಅದನ್ನು ಹಿಡಿದಿಡುವುದು ಟೈರಿನ ಅಂಗೈಯಗಲದ ಘರ್ಷಣೆ ಮಾತ್ರ. ಗಾಡ್‌ಫ್ರೆಯ ವೇಗದಿಂದ ಹಿಕ್‌ಮನ್ನನ ವೇಗಕ್ಕೆ ಬಂದರೆ ಅದೇ ತಿರುವಿಗೆ ಎಂಟು ಪಟ್ಟು ಬಲ ಬೇಕು. ಮಳೆಗೆ ರಸ್ತೆ ನೆನೆದರೆ ಘರ್ಷಣೆ ಎಲ್ಲಿಂದ ಬರಬೇಕು?

ಅದೂ ಅಲ್ಲದೆ ಸಮುದ್ರಮಟ್ಟದ ಹತ್ತಿರ ಬಿಸಿಲಿದ್ದರೆ, ಸುಮಾರು 420 ಮೀಟರ್ ಎತ್ತರದಲ್ಲಿ ಮಂಜು ಕವಿದಿರಬಹುದು. ಮಂಜಿನಲ್ಲಿ ರಕ್ಷಣಾ ಹೆಲಿಕಾಪ್ಟರ್ ಹಾರಲಾರದು, ಆಗ ಪಂದ್ಯವೂ ನಿಲ್ಲುತ್ತದೆ. ಬ್ಯಾಲಾ ಹಳ್ಳಿಯ ಗೂನು ಸೇತುವೆಯ ಮೇಲೆ ಎರಡೂ ಚಕ್ರ ನೆಲ ಬಿಡುತ್ತವೆ. ಗಾಳಿಯಲ್ಲಿರುವಷ್ಟು ಹೊತ್ತು ಬ್ರೇಕಿಗೂ ಹ್ಯಾಂಡಲಿಗೂ ಅರ್ಥವಿಲ್ಲ.

ಈ ಮಾರ್ಗ 260ಕ್ಕೂ ಹೆಚ್ಚು ಸ್ಪರ್ಧಿಗಳನ್ನು ಬಲಿ ತೆಗೆದುಕೊಂಡಿದೆ. 1972ರಲ್ಲಿ ಮಳೆಯ ನಡುವೆ ಗೆಳೆಯ ಪಾರ್ಲೊಟಿ ಸತ್ತಾಗ, ಇಲ್ಲಿ ಹತ್ತು ಸಲ ಗೆದ್ದ ಇಟಲಿಯ ಅಗಸ್ಟೀನಿ ಇನ್ನು ಇಲ್ಲಿ ಸ್ಪರ್ಧಿಸುವುದಿಲ್ಲವೆಂದು ಹೊರಟುಹೋದ. 1976ರ ನಂತರ ವಿಶ್ವ ಚಾಂಪಿಯನ್‌ಷಿಪ್ ಸ್ಥಾನವೂ ಹೋಯಿತು. ಅಗಸ್ಟೀನಿ ಮಾಡಿದ್ದು ಸರಿಯೆಂದೇ ನನ್ನ ಅನಿಸಿಕೆ. ಆದರೂ ಸವಾರರು ಬರುವುದು ನಿಂತಿಲ್ಲ. ಯಾರೂ ಅವರನ್ನು ಬಲವಂತ ಮಾಡುವುದಿಲ್ಲ. ಒಬ್ಬೊಬ್ಬರಾಗಿ, ಹತ್ತು ಸೆಕೆಂಡಿಗೊಬ್ಬರಂತೆ ಹೊರಡುತ್ತಾರೆ.

ಪಂದ್ಯ ಮುಗಿದು ರಸ್ತೆ ತೆರೆದ ಮೇಲೆ ಅದೇ ಸೇತುವೆಯ ಮೇಲೆ ಊರ ಬಸ್ಸು ನಿಧಾನವಾಗಿ ಹತ್ತಿಳಿಯುತ್ತದೆ.