ತರತಮ ತರ್ಕವೂ ಅದರ ಯಂತ್ರವೂ

ಆಂಗ್ಲಭಾಷೆಯಲ್ಲಿ ‘ಫಜಿ ಲಾಜಿಕ್’ ಎಂದು ಕರೆಯಲ್ಪಡುವ ಶಾಸ್ತ್ರವನ್ನು ಕನ್ನಡದಲ್ಲಿ ‘ಅಸ್ಪಷ್ಟ ತರ್ಕ’ವೆಂದು ಬರೆಯುವ ವಾಡಿಕೆಯುಂಟು. ಈ ಹೆಸರು ವಸ್ತುವಿಗೆ ಒಪ್ಪತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ಆ ಶಾಸ್ತ್ರಕ್ಕಾಗಿಯೇ ರಚಿಸಿದ ಚಿಪ್ ಎಂಬ ಸಿಲಿಕಾನ್ ಬಿಲ್ಲೆಯ ಒಳಗಟ್ಟನ್ನು ನೋಡಿದರೆ ಈ ಮಾತು ವಿಶದವಾಗುವುದು.

1965ರಲ್ಲಿ ಬರ್ಕ್ಲಿಯ ಲೋಟ್ಫಿ ಝಾದೆ ಎಂಬ ಪಂಡಿತರು, ಒಂದು ವಸ್ತುವು ಒಂದು ವರ್ಗಕ್ಕೆ ಪೂರ್ಣವಾಗಿ ಸೇರಬೇಕು ಅಥವಾ ಸೇರಲೇಬಾರದು ಎಂಬ ನಿಯಮವನ್ನು ಸಡಿಲಿಸಿ, 0ಯಿಂದ 1ರ ವರೆಗೆ ಯಾವ ಪ್ರಮಾಣದಲ್ಲಾದರೂ ಸೇರಬಹುದೆಂದು ಪ್ರತಿಪಾದಿಸಿದರು. ನೈಯಾಯಿಕರ ಸಂಶಯವು ಇದಲ್ಲ. ಮುಸ್ಸಂಜೆಯಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬಲ್ಲಿ ವಸ್ತುವು ಎರಡರಲ್ಲೊಂದೇ. ತೂಗಾಡುವುದು ನೋಡುವವನ ಬುದ್ಧಿ. ಸವಣೂರಿನ ಎಲೆದೋಟದವನು ಮಣ್ಣನ್ನು ಹಿಡಿಯಲ್ಲಿ ಹಿಚುಕಿ ‘ತುಸು ಆರಿದೆ’ ಎಂದರೆ ಅವನಿಗೆ ಸಂಶಯವೇನೂ ಇಲ್ಲ. ಆರಿಕೆಯೇ ಮಣ್ಣಿನಲ್ಲಿ ಅಷ್ಟರ ಮಟ್ಟಿಗೆ ಇದೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಸೀಮೆಗಳ ಒಕ್ಕಲುಮಕ್ಕಳು ‘ಹದ’ವೆನ್ನುವುದೂ ಇಂಥ ತರತಮಜ್ಞಾನವನ್ನೇ.

ಆ ತೋಟಕ್ಕೆ ಯಂತ್ರವೊಂದು ನೀರು ಬಿಡಬೇಕೆಂದು ಕಲ್ಪಿಸೋಣ. ಮಣ್ಣಿನ ಆರಿಕೆ 0.7, ಹಸಿ 0.3, ಬಿಸಿಲಿನ ಕಡುತನ 0.4, ಸೌಮ್ಯತೆ 0.6 ಆಗಿರಲಿ. ‘ಮಣ್ಣು ಆರಿ ಬಿಸಿಲು ಕಡುವಾದರೆ ಹೆಚ್ಚು ನೀರು’ ಎಂಬ ಸೂತ್ರದಲ್ಲಿ ಎರಡು ಹೇತುಗಳೊಳಗೆ ಕಿರಿದಾದುದೇ ಸಾಧ್ಯದ ಬಲ: 0.4. ಒಂದೇ ಕಾಲುವೆಯಲ್ಲಿ ಎರಡು ತೂಬುಗಳಿದ್ದರೆ ಕಿರಿದಾದ ಬಾಯಿಯೇ ಹರಿವಿಗೆ ಮೇರೆಯಾಗುವಂತೆ ಇದು. ‘ಆರಿ ಸೌಮ್ಯವಾದರೆ ಮಧ್ಯಮ’ ಎಂಬುದಕ್ಕೆ 0.6, ‘ಹಸಿಯಾಗಿ ಕಡುವಾದರೆ ಮಧ್ಯಮ’ ಎಂಬುದಕ್ಕೆ 0.3, ಒಂದೇ ಫಲವನ್ನು ಹೇಳುವ ಸೂತ್ರಗಳಲ್ಲಿ ಹಿರಿದನ್ನು ಹಿಡಿಯತಕ್ಕದ್ದಾದುದರಿಂದ ಮಧ್ಯಮಕ್ಕೆ 0.6 ನಿಲ್ಲುವುದು. ‘ಹಸಿಯಾಗಿ ಸೌಮ್ಯವಾದರೆ ಅಲ್ಪ’ ಎಂಬುದಕ್ಕೆ 0.3. ಹೆಚ್ಚು, ಮಧ್ಯಮ, ಅಲ್ಪಗಳಿಗೆ 30, 20, 10 ನಿಮಿಷಗಳನ್ನು ಗೊತ್ತುಮಾಡಿ ಬಲಾನುಸಾರ ಸರಾಸರಿ ತೆಗೆದರೆ ಸುಮಾರು 21 ನಿಮಿಷ ಬರುವುದು. ಇದರಲ್ಲಿ ಅಸ್ಪಷ್ಟವಾದುದೇನು?

ಸಾಮಾನ್ಯ ಗಣಕವು ಈ ಸೂತ್ರಗಳನ್ನು ಒಂದಾದ ಮೇಲೊಂದರಂತೆ ಓದುವುದು. ವಿಶೇಷ ಬಿಲ್ಲೆಯಲ್ಲಾದರೋ ಪ್ರತಿ ಸೂತ್ರಕ್ಕೂ ಪ್ರತ್ಯೇಕ ಹಾದಿಯಿದ್ದು ಎಲ್ಲವೂ ಏಕಕಾಲದಲ್ಲಿ ನಡೆಯುವುವು. ಕಿರಿದು ಹಿರಿದುಗಳನ್ನಾರಿಸಲು ಗುಣಾಕಾರ ಬೇಡ, ಹೋಲಿಕೆಯೊಂದೇ ಸಾಕು. ಆದಕಾರಣ ಮಂಡಲಗಳು ಚಿಕ್ಕವು. ಪ್ರಮಾಣಗಳನ್ನು ಮೊದಲೇ ಕೋಷ್ಟಕವಾಗಿ ಸ್ಮೃತಿಯಲ್ಲಿ ಬರೆದಿಡುವರು. ಭಾಗಾಕಾರವನ್ನು ಬೇಡುವ ಕಡೆಯ ಸರಾಸರಿಯೇ ತೊಡಕಿನ ಹೆಜ್ಜೆ. 1985ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ತೊಗಾಯಿ, ವತನಾಬೆ ಎಂಬವರು ಇಂಥ ಮೊದಲ ಬಿಲ್ಲೆಯನ್ನು ರಚಿಸಿದರು. ಅದರ ವೇಗ ಸೆಕೆಂಡಿಗೆ ಸುಮಾರು 80,000 ನಿಗಮನಗಳು. ಎಲೆದೋಟಕ್ಕೆ ಈ ವೇಗ ಬೇಕಿಲ್ಲವೆಂಬುದು ನಿಜ. ಆದರೆ 1987ರಲ್ಲಿ ಟೋಕಿಯೋದಲ್ಲಿ ಯಮಕಾವಾ ಅವರು ತಮ್ಮ ಬಿಲ್ಲೆಗಳಿಂದ ನೆಟ್ಟಗೆ ನಿಲ್ಲಿಸಿದ ಕೋಲನ್ನು ಬೀಳದಂತೆ ಕಾಯ್ದು ತೋರಿಸಿದರು; ಅಲ್ಲಿ ವಿಳಂಬವಾದರೆ ಕೋಲು ನೆಲಕ್ಕೆ.

ನಮ್ಮ ನ್ಯಾಯಶಾಸ್ತ್ರದಲ್ಲಿ ಅರೆಹೊಗೆಯಿಂದ ಅರೆಬೆಂಕಿಯನ್ನು ಸಾಧಿಸುವ ಕ್ರಮವಿಲ್ಲ. ಹೇತುವಿನ ಪ್ರಮಾಣವು ಸಾಧ್ಯಕ್ಕೂ ಇಳಿದು ಬರುವುದೇ ಇಲ್ಲಿಯ ಹೊಸತು. ಈ ವಿಶೇಷವನ್ನು ‘ಅಸ್ಪಷ್ಟ’ವೆಂಬ ಪದವು ಮುಚ್ಚಿಬಿಡುತ್ತದೆ. ಅದರ ಮೇಲೆ ‘ಅನುಮಾನ’ವನ್ನು ಸೇರಿಸಿದರೆ ಕೇಡು ಇಮ್ಮಡಿ, ಏಕೆಂದರೆ ಸಂಸ್ಕೃತದ ಆ ಪ್ರಮಾಣವಾಚಕವು ಕನ್ನಡದ ಆಡುಮಾತಿನಲ್ಲಿ ಸಂದೇಹವೆಂದೇ ಬಳಕೆಯಾಗಿದೆ. ಆದ್ದರಿಂದ ಶಾಸ್ತ್ರಕ್ಕೆ ‘ತರತಮ ತರ್ಕ’ವೆಂದೂ ಬಿಲ್ಲೆ ಮಾಡುವ ಕೆಲಸಕ್ಕೆ ‘ತರತಮ ನಿಗಮನ’ವೆಂದೂ ಬಳಸಬಹುದೆಂದು ವಿದ್ವಾಂಸರ ಪರಿಶೀಲನೆಗಾಗಿ ಸೂಚಿಸುತ್ತೇವೆ.