ಬರುವ ಬಾಗಿಲು, ಹೋಗುವ ಬಾಗಿಲು

2003ರ ಆಗಸ್ಟ್. ಎಡಿನ್‌ಬರೋದ ಒಂದು ಅತಿಥಿಗೃಹದ ಮೂರನೇ ಮಹಡಿಯ ಕೋಣೆ. ಷಾರ್ಲೆಟ್ ಚೌಕದಲ್ಲಿ ನಡೆಯುತ್ತಿದ್ದ ಪುಸ್ತಕೋತ್ಸವ ನೋಡಿ ಬಂದು, ಬೆಂಗಳೂರಿನ ಪತ್ರಿಕೆಯೊಂದಕ್ಕೆ ವರದಿ ಬರೆದು ಮುಗಿಸುವಾಗ ರಾತ್ರಿ ಹತ್ತು ಹೊಡೆದಿತ್ತು. ನಮ್ಮ ಕಡೆ ಆಗ ಎರಡೂವರೆ. ಬೆಳಕು ಹರಿಯುವುದರೊಳಗೆ ಅದು ಉಪಸಂಪಾದಕರ ಕೈಸೇರಬೇಕು.

ಲ್ಯಾಪ್‌ಟಾಪಿನ ಮೋಡೆಮ್ ತಂತಿ ಅಲ್ಲಿನ ಗೋಡೆಯ ಟೆಲಿಫೋನ್ ಸಾಕೆಟ್ಟಿಗೆ ಕೂರುವುದಿಲ್ಲ. ಬ್ರಿಟನ್ನಿನ ಸಾಕೆಟ್ಟಿನ ಆಕಾರವೇ ಬೇರೆ. ಅದಕ್ಕೊಂದು ಅಡಾಪ್ಟರನ್ನು ಹಗಲೇ ಹುಡುಕಿ ತಂದಿದ್ದೆ. ಆ ಊರಿನದೇ ಒಂದು ಇಂಟರ್ನೆಟ್ ಕಂಪನಿಯ ನಂಬರಿಗೆ ಮೋಡೆಮ್ ಡಯಲ್ ಮಾಡಿತು, ಕಿರುಚಿತು, ಒರಲಿತು, ಕೊನೆಗೆ ಸುಮ್ಮನಾಗಿ ಸಂಪರ್ಕ ಸಿಕ್ಕಿತು. ಇನ್‌ಬಾಕ್ಸಿಗೆ ಏಳು ಪತ್ರ ಬಂದು ಬಿದ್ದವು. ಬೆಂಗಳೂರಿನ ಪತ್ರಗಳು ಎಡಿನ್‌ಬರೋದಲ್ಲಿ! ಆದರೆ ನಾನು ಕಳಿಸಬೇಕಾದ ಒಂದೇ ಒಂದು ಪತ್ರ ಔಟ್‌ಬಾಕ್ಸ್ ಬಿಟ್ಟು ಅಲುಗಲಿಲ್ಲ. ‘550, ರಿಲೇಯಿಂಗ್ ಡಿನೈಡ್’ ಎಂಬ ಸಾಲು ಪರದೆಯ ಮೇಲೆ ಮತ್ತೆ ಮತ್ತೆ ಬಂತು.

ಕೆಳಗಿಳಿದು, ಮೂಲೆಯ ಟೆಲಿಫೋನ್ ಬೂತಿನಿಂದ ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನದು ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ, ಆ ವಾರ ರಾತ್ರಿ ಪಾಳಿ. ಒಂದೇ ಮಾತಿನಲ್ಲಿ ಬಿಡಿಸಿಟ್ಟ: ‘ಚಿಕ್ಕಪ್ಪ, ಪತ್ರ ಬರೋ ಬಾಗಿಲು ಬೇರೆ, ಹೋಗೋ ಬಾಗಿಲು ಬೇರೆ. ಬರೋ ಬಾಗಿಲಲ್ಲಿ ನಿಮ್ಮ ಪಾಸ್‌ವರ್ಡ್ ಕೇಳ್ತಾರೆ. ಹೋಗೋ ಬಾಗಿಲಲ್ಲಿ ನೀವು ಎಲ್ಲಿಂದ ಬಂದ್ರಿ ಅಂತ ನೋಡ್ತಾರೆ.’

ಆ ಮಾತು ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೂತಿನ ಪಕ್ಕದಲ್ಲೇ ಒಂದು ಕೆಂಪು ಅಂಚೆಡಬ್ಬ ನಿಂತಿತ್ತು, ಮೈಮೇಲೆ ಸ್ಕಾಟ್ಲೆಂಡಿನ ಕಿರೀಟದ ಗುರುತು. ಅದರ ಬಾಯಿಗೆ ಯಾರು ಬೇಕಾದರೂ ಪತ್ರ ಹಾಕಬಹುದು. ನೀನು ಯಾವ ಊರಿನವನು ಎಂದು ಅದು ಕೇಳುವುದಿಲ್ಲ. ಇಮೇಲ್ ಕೂಡ ಹುಟ್ಟುವಾಗ ಹಾಗೆಯೇ ಇತ್ತು. ಪತ್ರ ಸಾಗಿಸುವ ನಿಯಮವನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದು ಹೊರತಂದರು. ಎಸ್‌ಎಂಟಿಪಿ ಎಂದು ಅದರ ಹೆಸರು. ಅದರಲ್ಲಿ ಕಳಿಸುವವರ ಪಾಸ್‌ವರ್ಡ್ ಕೇಳುವ ಏರ್ಪಾಡೇ ಇರಲಿಲ್ಲ. ಯಾವ ಸರ್ವರಿಗೆ ಪತ್ರ ಕೊಟ್ಟರೂ ಅದು ಮುಂದಿನ ಸರ್ವರಿಗೆ ದಾಟಿಸುತ್ತಿತ್ತು. ಆಗಿನ ಜಾಲ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಚಿಕ್ಕ ಕೇರಿ. ಬಹುಪಾಲು ಎಲ್ಲರೂ ಗುರುತು ಪರಿಚಯದವರೇ. ಆ ನಂಬಿಕೆ ದಡ್ಡತನವಾಗಿರಲಿಲ್ಲ, ಆ ಕಾಲಕ್ಕೆ ಸರಿಯಾಗಿಯೇ ಇತ್ತು ಎಂದು ನಾನು ತಿಳಿದಿದ್ದೇನೆ.

ಆ ನಂಬಿಕೆಯನ್ನು ತಿಂದು ಹಾಕಿದ್ದು ಜಾಹೀರಾತು. ಅದರ ಮೊದಲ ಸುಳಿವು ಪೋಸ್ಟೆಲ್ ನಿಯಮಕ್ಕೂ ಮುಂಚೆ, 1978ರ ಮೇ ತಿಂಗಳಲ್ಲೇ ಕಂಡಿತ್ತು. ಗ್ಯಾರಿ ಥರ್ಕ್ ಎಂಬ ಮಾರಾಟಗಾರ ತನ್ನ ಕಂಪನಿಯ ಕಂಪ್ಯೂಟರುಗಳ ಪ್ರಚಾರಕ್ಕೆ, ಇಂಟರ್ನೆಟ್ಟಿಗೂ ಮುಂಚಿನ ಜಾಲವಾದ ಆರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಪತ್ರ ಕಳಿಸಿದ. ತೊಂಬತ್ತರ ದಶಕದಲ್ಲಿ ಅದು ಪ್ರವಾಹವಾಯಿತು. ಯಾರದೋ ಸರ್ವರಿನ ಹೆಗಲ ಮೇಲೆ ಲಕ್ಷಗಟ್ಟಲೆ ಕಸದ ಪತ್ರ ಹೇರಿ ಮಾಯವಾಗುವವರು ಹುಟ್ಟಿಕೊಂಡರು. ಸರ್ವರುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಹೆಚ್ಚು ಬಳಕೆಯಲ್ಲಿದ್ದ ಸೆಂಡ್‌ಮೇಲ್ ತಂತ್ರಾಂಶವೂ 1998ರಿಂದ ಕಂಡವರ ಪತ್ರ ದಾಟಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಹಾಗಾದರೆ ತಮ್ಮವರು ಯಾರೆಂದು ತಿಳಿಯುವುದು ಹೇಗೆ? ಕಂಪನಿಗಳು ಸುಲಭದ ದಾರಿ ಹಿಡಿದವು: ನಮ್ಮ ತಂತಿಯಿಂದ ಬಂದವನು ನಮ್ಮವನು, ಉಳಿದವನು ಪರಕೀಯ. ಮನೆಯಲ್ಲಿ ಕೂತವನಿಗೆ ಇದರಿಂದ ಏನೂ ಆಗಲಿಲ್ಲ. ಪೆಟ್ಟು ಬಿದ್ದಿದ್ದು ಪ್ರಯಾಣಿಕನಿಗೆ. ದುಡ್ಡು ಕಟ್ಟಿದ ಗಿರಾಕಿ ಊರು ಬಿಟ್ಟ ಗಳಿಗೆಯಲ್ಲೇ ತನ್ನ ಕಂಪನಿಗೇ ಅಪರಿಚಿತನಾದ.

ಅದಕ್ಕೆ ಸರಿಯಾದ ಪರಿಹಾರ ಆಗಲೇ ಸಿದ್ಧವಿತ್ತು. ಪತ್ರ ಒಪ್ಪಿಸಲು 587 ಎಂಬ ಪ್ರತ್ಯೇಕ ಪೋರ್ಟ್ ಇರಲಿ ಎಂದು 1998ರ ಡಿಸೆಂಬರ್‌ನಲ್ಲಿ, ಕಳಿಸುವವರೂ ಪಾಸ್‌ವರ್ಡ್ ತೋರಿಸಲಿ ಎಂದು 1999ರ ಮಾರ್ಚ್‌ನಲ್ಲಿ ನಿಯಮ ಬಂದಿತ್ತು. ಎಲ್ಲಿಂದ ಬಂದೆ ಎಂಬ ಪ್ರಶ್ನೆ ಹೋಗಿ ಯಾರು ನೀನು ಎಂಬ ಪ್ರಶ್ನೆ ಬಂತು. ಬೆಂಗಳೂರಿನ ನನ್ನ ಇಂಟರ್ನೆಟ್ ಕಂಪನಿ ಮಾತ್ರ ಅದನ್ನಿನ್ನೂ ಅಳವಡಿಸಿಕೊಂಡಿರಲಿಲ್ಲ.

‘ಅಲ್ಲಿ ಯಾರ ಮೂಲಕ ಕನೆಕ್ಟ್ ಆಗಿದೀರೋ ಅವರ ಸರ್ವರನ್ನೇ ಹೋಗೋ ಬಾಗಿಲಿಗೆ ಹಾಕಿ ಚಿಕ್ಕಪ್ಪ’ ಎಂದ ಹುಡುಗ. ಮೇಲೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬದಲಿಸಿದೆ. ನೀಲಿ ಪಟ್ಟಿ ನಿಧಾನವಾಗಿ ತುಂಬುತ್ತಾ ಹೋಯಿತು. ಪತ್ರದ ಮೇಲೆ ಬೆಂಗಳೂರಿನ ವಿಳಾಸ, ಹೊರಟಿದ್ದು ಸ್ಕಾಟ್ಲೆಂಡಿನ ಬಾಗಿಲಿನಿಂದ. ಇವತ್ತಾದರೆ ಆ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ. ಯಾವ ವಿಳಾಸದ ಪತ್ರ ಯಾವ ಸರ್ವರಿನಿಂದ ಹೊರಡಬಹುದು ಎಂಬುದನ್ನು ಸಾರಿ ಹೇಳುವ ಎಸ್‌ಪಿಎಫ್, ಡಿಮಾರ್ಕ್ ಎಂಬ ಪದ್ಧತಿಗಳು ಬಂದಿವೆ. ಬೇರೆಯವರ ಬಾಗಿಲಿಂದ ಹೊರಟ ಪತ್ರವನ್ನು ಪಡೆಯುವ ಕಡೆಯವರು ಕಸದ ಬುಟ್ಟಿಗೆ ಹಾಕುತ್ತಾರೆ, ಇಲ್ಲವೇ ವಾಪಸು ಅಟ್ಟುತ್ತಾರೆ.

ಮರುದಿನ ಉಪಸಂಪಾದಕರ ಉತ್ತರ ಬಂತು. ಪತ್ರ ಬಂದಿದೆ, ಅಕ್ಷರ ಬಂದಿಲ್ಲ! ಅವಸರದಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಪತ್ರದೊಳಗೆ ಅಂಟಿಸಿದ್ದೆ. ಆಗ ‘ನುಡಿ’, ‘ಬರಹ’ ತಂತ್ರಾಂಶಗಳ ಕನ್ನಡ ನಿಜಕ್ಕೂ ರೋಮನ್ ಅಕ್ಷರಗಳ ಮೇಲೆ ಹೊದಿಸಿದ ಮುಖವಾಡ. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಪರಭಾಷೆಯ ಅಕ್ಷರಗಳ ರಾಶಿ ಕಾಣುತ್ತಿತ್ತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂದಿತ್ತು. ಆದರೆ ಪತ್ರಿಕಾಲಯಗಳ ಮೇಜಿನವರೆಗೆ ಅದು ಇಳಿದಿರಲಿಲ್ಲ. ಅದೇ ಬರಹವನ್ನು ಫೈಲಾಗಿ ಲಗತ್ತಿಸಿ ಮತ್ತೆ ಕಳಿಸಿದೆ. ಇವತ್ತು ಡಬ್ಲಿನ್ನಿನಲ್ಲೋ ದುಬೈಯಲ್ಲೋ ಕೂತು ಕನ್ನಡದಲ್ಲಿ ಬರೆದದ್ದು ಊರಿನಲ್ಲಿ ಕನ್ನಡವಾಗಿಯೇ ತೆರೆಯುತ್ತದೆ. ಆ ಸಂತೋಷ ನನಗಿನ್ನೂ ಹಳತಾಗಿಲ್ಲ.

ಈ ಎಲ್ಲ ಪಡಿಪಾಟಲು ತಪ್ಪಿಸುವ ಮತ್ತೊಂದು ದಾರಿಯೂ ಇತ್ತು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದ್ದರು. ಪತ್ರ ಬ್ರೌಸರಿನಲ್ಲೇ ಇದ್ದುಬಿಟ್ಟರೆ ಯಾವ ದೇಶದ ಸೈಬರ್ ಕೆಫೆಯಾದರೂ ಒಂದೇ. ಒಂದೂವರೆ ವರ್ಷದಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಲೋಕ ಅದೇ ದಾರಿಯಲ್ಲಿ ನಡೆಯಿತು. ನಮ್ಮಲ್ಲಿ ಹೆಚ್ಚಿನವರು ಈಗ ಪೋರ್ಟ್ ಎಂಬ ಮಾತನ್ನೇ ಕೇಳಿರುವುದಿಲ್ಲ.

ಆದರೂ ಪ್ರಯಾಣಿಕರು ಬಾಗಿಲ ಹೊರಗೆ ನಿಲ್ಲುವುದು ತಪ್ಪಿಲ್ಲ. ಹೋದ ಚಳಿಗಾಲ ನನ್ನ ಅಕ್ಕ ಆರು ತಿಂಗಳಿಗೆಂದು ಡಲ್ಲಾಸಿನ ಮಗಳ ಮನೆಗೆ ಹೋದಳು. ಮೈಸೂರಿನ ಮನೆಯ ಕಾಗದಪತ್ರ ವಕೀಲರಿಗೆ ತುರ್ತಾಗಿ ಕಳಿಸಬೇಕಾಯಿತು. ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ತನ್ನ ಜಿಮೇಲ್ ತೆರೆಯಲು ಹೊರಟರೆ, ಹೊಸ ಯಂತ್ರ, ಹೊಸ ದೇಶ. ಪಾಸ್‌ವರ್ಡ್ ಸರಿಯಿದ್ದರೂ ಸಾಲದು, ಮೊಬೈಲಿಗೆ ಬಂದ ಸಂಖ್ಯೆ ಹಾಕು ಎಂದಿತು. ಆ ಮೊಬೈಲ್ ಸಂಖ್ಯೆಯ ಸಿಮ್ಮು ಅಮೆರಿಕದ ಸಿಮ್ಮಿಗೆ ಜಾಗ ಬಿಟ್ಟುಕೊಟ್ಟು, ಕುಂಕುಮದ ಪೊಟ್ಟಣದ ಪಕ್ಕ ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿತ್ತು. ತೆಗೆದು ಹಾಕಿದರೂ ರೋಮಿಂಗ್ ಇಲ್ಲ, ಸಿಗ್ನಲ್ ಇಲ್ಲ. ಇಪ್ಪತ್ತು ವರ್ಷದ ಪತ್ರಗಳು, ಫೋಟೋಗಳು ಎಲ್ಲವೂ ಒಳಗೆ, ಅವಳು ಹೊರಗೆ. ‘ನಾನೇ ಅಂತ ನಂಗೆ ಗೊತ್ತು ಕಣೋ, ಅದಕ್ಕೆ ಹೇಗೆ ಹೇಳ್ಲಿ?’ ಎಂದು ಫೋನಿನಲ್ಲಿ ಅತ್ತುಬಿಟ್ಟಳು. ಕಾಗದಗಳನ್ನು ಕೊನೆಗೆ ಮಗಳ ವಿಳಾಸದಿಂದ ಕಳಿಸಿದರು. ವಕೀಲರು ಅವಳಿಂದಲೇ ಬರಬೇಕಿತ್ತಲ್ಲ ಎಂದು ಎರಡು ಸಲ ಫೋನ್ ಮಾಡಿ ಖಚಿತಪಡಿಸಿಕೊಂಡರು.

ಮಕ್ಕಳ ಮನೆಗೆ ಹೊರಟ ಹಿರಿಯರ ಸೂಟ್‌ಕೇಸಿಗೆ ಚಟ್ನಿಪುಡಿ, ಹುಳಿಪುಡಿ, ವರ್ಷಕ್ಕಾಗುವಷ್ಟು ಮಾತ್ರೆ ಹೋಗುತ್ತವೆ. ಪತ್ರದ ಬಾಗಿಲು ತೆರೆಯುವ ಈ ಒಂದು ತಯಾರಿ ಯಾರಿಗೂ ನೆನಪಾಗುವುದಿಲ್ಲ ಎಂಬುದು ನನ್ನ ಸಂಕಟ. ದೊಡ್ಡ ಕೆಲಸವೇನೂ ಅಲ್ಲ. ಗೂಗಲ್ ಖಾತೆಯ ಎರಡು ಹಂತದ ಪರಿಶೀಲನೆಯಲ್ಲಿ ಬ್ಯಾಕಪ್ ಕೋಡ್ ಎಂಬುದಿದೆ. ಎಂಟೆಂಟು ಅಂಕಿಯ ಹತ್ತು ಸಂಖ್ಯೆಗಳು, ಪ್ರತಿಯೊಂದಕ್ಕೂ ಒಂದೇ ಬಳಕೆ. ಸಿಮ್ಮು ಬೇಡ, ಸಿಗ್ನಲ್ ಬೇಡ. ಅಥೆಂಟಿಕೇಟರ್ ಆ್ಯಪ್ ಇನ್ನೂ ಒಳ್ಳೆಯದು. ಅದು ಫೋನಿನೊಳಗಿನ ಗಡಿಯಾರವನ್ನೇ ನೋಡಿಕೊಂಡು ಸಾಮಾನ್ಯವಾಗಿ ಮೂವತ್ತು ಸೆಕೆಂಡಿಗೊಂದು ಸಂಖ್ಯೆ ಕೊಡುತ್ತದೆ, ನೆಟ್‌ವರ್ಕಿನ ಹಂಗಿಲ್ಲ. ಔಟ್‌ಲುಕ್ಕೋ ಥಂಡರ್‌ಬರ್ಡೋ ಇಂಥ ಇಮೇಲ್ ತಂತ್ರಾಂಶ ಬಳಸುವವರು ಊರು ಬಿಡುವ ಹಿಂದಿನ ದಿನ ಮನೆಯ ವೈಫೈ ಬಿಟ್ಟು, ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಒಂದು ಪತ್ರ ಕಳಿಸಿ ನೋಡಬೇಕು. ಮನೆಯಲ್ಲಿ ಹೋಗಿ ಹಾಟ್‌ಸ್ಪಾಟ್‌ನಲ್ಲಿ ನಿಂತರೆ, ಎಡಿನ್‌ಬರೋದಲ್ಲಿ ನನಗಾದದ್ದೇ ಅವರಿಗೂ ಆಗಬಹುದು. ಹೋಗುವ ಬಾಗಿಲಿಗೆ ಪೋರ್ಟ್ ಸಂಖ್ಯೆ 587 ಅಥವಾ 465 ಹಾಕಿ, ಪಾಸ್‌ವರ್ಡ್ ಕೇಳುವ ಗುರುತು ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಟೆಲ್ ವೈಫೈನಲ್ಲಿ ದೊಡ್ಡ ಫೈಲು ಬೇಡ. ಲಗತ್ತಿಸಿದ ಫೈಲು ಪತ್ರದೊಳಗೆ ಮೂರನೇ ಒಂದರಷ್ಟು ಊದಿಕೊಳ್ಳುತ್ತದೆ, ಜಿಮೇಲಿನ ಮಿತಿಯೋ 25 ಎಂಬಿ.

ಅಕ್ಕ ಊರಿಗೆ ಬಂದಾಗ ಇಬ್ಬರೂ ಕೂತು ಆ ಹತ್ತು ಸಂಖ್ಯೆಗಳನ್ನು ತೆಗೆದೆವು. ಬಿಪಿ ಮಾತ್ರೆಯ ಲೆಕ್ಕ ಇಡುವ ಪುಟ್ಟ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ತಾನೇ ಬರೆದುಕೊಂಡಳು. ಏನೆಂದು ಮಾತ್ರ ಬರೆಯಲಿಲ್ಲ, ಬರೀ ಅಂಕಿ. ಈ ಸಲ ಡಲ್ಲಾಸಿಗೆ ಹೋಗಿ ಮೂರು ದಿನಕ್ಕೆ ಅವಳಿಂದ ಒಂದು ಇಮೇಲ್ ಬಂತು. ಅವಳದೇ ವಿಳಾಸ, ಕನ್ನಡದಲ್ಲೇ ಎರಡು ಸಾಲು:

‘ಮೊದಲನೇ ನಂಬರು ಹಾಕಿದೆ, ತೆಗೀತು. ಅದರ ಮೇಲೆ ಗೀಟು ಎಳೆದಿದೀನಿ.’