ಆಟದ ಯಂತ್ರ ಪಡಸಾಲೆಯಲ್ಲಿರಲಿ
1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಮನೆಯ ಟಿ.ವಿ.ಗೆ ಜೋಡಿಸುವ ವಿಡಿಯೊ ಗೇಮ್ ಯಂತ್ರವೊಂದನ್ನು ಹೊರತಂದು, ‘ಫ್ಯಾಮಿಲಿ ಕಂಪ್ಯೂಟರ್’ ಎಂದು ಹೆಸರಿಟ್ಟಿತು. ಇಂದು ಭಕ್ತರ ಮನೆಗಳಲ್ಲಿಯೂ ಪ್ಲೇಸ್ಟೇಷನ್‌ನಂತಹ ಯಂತ್ರಗಳಿವೆ; ಆದರೆ ಹಲವೆಡೆ ಅವು ಕುಟುಂಬದ ನಡುವೆ ಇರದೆ ಮಗುವಿನ ಕೋಣೆಯನ್ನು ಸೇರಿವೆ.

ಇಂದ್ರಿಯಗಳ ಅತಿಬಳಕೆಯನ್ನು ಚರಕರು ‘ಅತಿಯೋಗ’ವೆಂದು ಕರೆದು ರೋಗಕಾರಣಗಳಲ್ಲಿ ಎಣಿಸಿದ್ದಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಹಿಡಿತ ತಪ್ಪಿದ ವಿಡಿಯೊ ಆಟಕ್ಕೂ ಸ್ಥಾನವಿದೆ.

ನಿದ್ದೆಗೆಟ್ಟು, ಕಣ್ಣುರಿ, ಅಜೀರ್ಣ, ಸಿಡುಕುಗಳಿಂದ ಬಳಲುವ ಮಕ್ಕಳನ್ನು ಕರೆತರುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟೆ: ಯಂತ್ರವನ್ನು ಕಸಿಯಬೇಡಿ, ಪಡಸಾಲೆಗೆ ತನ್ನಿ. ರಾತ್ರಿಯೂಟಕ್ಕೆ ಮೊದಲೇ ಆಟ ಮುಗಿಯಲಿ. ಮಲಗುವಾಗ ಮಗುವಿನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ. ವಾರಕ್ಕೊಮ್ಮೆಯಾದರೂ ಜೊತೆಗೆ ಕುಳಿತು ನೀವೂ ಆಡಿ. ಆಗ ಆ ಮೊದಲ ಹೆಸರು ಸಾರ್ಥಕವಾದೀತು.